ಮೂರನೇ ದಿನ ತಲೆ ಏಳಲಿಲ್ಲ: ಹುಬ್ಬಳ್ಳಿ ಐಸಿಯುವಿನ ಒಂದು ಪ್ರಕರಣ

ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಾರೆ. ‘ಎಣ್ಣಿ ಹೊಡಿಯಾಕ ಹೋಗ್ಯಾನ’ ಅಂದರೆ ಬೆಳೆಗೆ ಔಷಧ ಸಿಂಪಡಿಸಲು ಹೋಗಿದ್ದಾನೆ ಅಂತ. ‘ಎಣ್ಣಿ ಕುಡಿದಾನ’ ಅಂದರೆ ಬೇರೆಯೇ ಮಾತು, ಸಾಯಲು ವಿಷ ಕುಡಿದಿದ್ದಾನೆ ಅಂತ. ಅಕ್ಟೋಬರ್ ಕೊನೆಯ ಒಂದು ಮಂಗಳವಾರ ಸಂಜೆ 5:40ಕ್ಕೆ 108 ಆಂಬುಲೆನ್ಸ್ ನಮ್ಮ ಆಸ್ಪತ್ರೆಯ ಮುಂದೆ ನಿಂತಾಗ ರೋಗಿಯ ಅಣ್ಣ ಇಳಿದು ಮೊದಲು ಹೇಳಿದ್ದೇ ಇದು: ‘ಕುಡಿದಿಲ್ರಿ ಅಕ್ಕಾರ, ಹೊಡಿಯಾಕ ಹೋಗಿದ್ದ.’

ರೋಗಿಯನ್ನು ಫಕೀರಪ್ಪ ಅಂತ ಕರೆಯುತ್ತೇನೆ. ಹೆಸರು ಬದಲಿಸಿದ್ದೇನೆ. ಅವರಿಗೂ ಮನೆಯವರಿಗೂ ಹೇಳಿಯೇ ಬರೆಯುತ್ತಿದ್ದೇನೆ. ವಯಸ್ಸು 34. ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿ, ನಾಲ್ಕು ಎಕರೆ ಎರಿ ಹೊಲ, ಅದರಲ್ಲಿ ಬ್ಯಾಡಗಿ ಮೆಣಸಿನಕಾಯಿ. ಎಲೆ ಮುದುಡುತ್ತಿದ್ದವು. ಅಂಗಡಿಯಿಂದ ಪ್ರೊಫೆನೊಫಾಸ್ ಎಂಬ ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕ ತಂದು, ಇನ್ನೊಂದು ಔಷಧದ ಜೊತೆ ಕಲಸಿ, ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರ ತನಕ ಬೆನ್ನಿನ ಪಂಪಿನಲ್ಲಿ ಹೊಡೆದಿದ್ದಾರೆ. ಪಂಪಿನ ಮುಚ್ಚಳ ಸೋರುತ್ತಿತ್ತು. ಅಂಗಿ ಬೆನ್ನಿನಿಂದ ಸೊಂಟದ ತನಕ ತೊಯ್ದಿತ್ತು. ಎರಡು ಗಂಟೆಗೆ ತಲೆನೋವು, ವಾಂತಿ, ಮೈತುಂಬ ಬೆವರು. ಬಿಸಿಲು ಬಡಿದಿರಬೇಕು ಅಂತ ಮಜ್ಜಿಗೆ ಕೊಟ್ಟು ನೆರಳಲ್ಲಿ ಮಲಗಿಸಿದ್ದಾರೆ. ನಾಲ್ಕಕ್ಕೆ ಬಾಯಲ್ಲಿ ನೊರೆ ಬಂದಾಗ ತಾಲ್ಲೂಕು ಆಸ್ಪತ್ರೆಗೆ ಓಡಿದ್ದಾರೆ. ಅಲ್ಲಿ ಈ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್ ಎರಡು ಕೊಟ್ಟು, ಆಕ್ಸಿಜನ್ ಹಾಕಿ ನಮ್ಮಲ್ಲಿಗೆ ಕಳಿಸಿದರು.

ನಾವು ನೋಡಿದಾಗ ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ನಾಡಿ 52, ಬಿಪಿ 90/60, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 86. ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಎರಡೂ ಕಡೆ ನೀರು ಗುಳುಗುಳು ಅನ್ನುವ ಸದ್ದು. ಮೀನಖಂಡದ ಸ್ನಾಯು ಚರ್ಮದ ಕೆಳಗೆ ಹುಳ ಹರಿದಂತೆ ಅದುರುತ್ತಿತ್ತು. ಬೆಳ್ಳುಳ್ಳಿಯ ಹಾಗೆ ಬರುವ ಆ ವಾಸನೆ ಗೊತ್ತಿದ್ದವರಿಗೆ ಬೇರೆ ಏನೂ ಬೇಕಿಲ್ಲ.

ಕುಡಿದಿದ್ದಾರೋ ಇಲ್ಲವೋ ಅನ್ನುವುದನ್ನು ಮನೆಯವರ ಮುಂದೆ ಕೇಳಬಾರದು. ಎಚ್ಚರ ಬಂದ ಮೇಲೆ ಪರದೆ ಎಳೆದು, ಒಬ್ಬರನ್ನೇ ಕೇಳಿದೆ. ಇಲ್ಲ ಅಂದರು. ಹೊಟ್ಟೆಯ ನಳಿಕೆಯಲ್ಲಿ ಬಂದ ನೀರಿಗೂ ವಾಸನೆ ಇರಲಿಲ್ಲ. ಆದರೂ ವಿಷದ ಪ್ರಕರಣ ಅಂದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು. ಅಣ್ಣ ಹೆದರಿದರು. ಅವರನ್ನು ಕೂಡಿಸಿ ಇದು ಬರೀ ನಿಯಮ, ಯಾರ ಮೇಲೂ ಕೇಸಲ್ಲ ಅಂತ ಹೇಳಲು ಹತ್ತು ನಿಮಿಷ ಬೇಕಾಯಿತು. ಆ ಹತ್ತು ನಿಮಿಷ ಕೊಡದೇ ಹೋದರೆ ಮನೆಯವರು ಮುಂದೆ ನಮ್ಮಿಂದ ಏನಾದರೂ ಮುಚ್ಚಿಡುತ್ತಾರೆ.

ನಾನು ಯಾರು, ಏನು ಮಾಡಬಹುದು

ನಾನು ಇಲ್ಲಿ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್. ಗದಗಿನಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದೆ. ಆಮೇಲೆ ಪೋಸ್ಟ್ ಬೇಸಿಕ್ ಬಿಎಸ್‌ಸಿ. ಐಸಿಯುಗಳಲ್ಲಿ ಒಂಬತ್ತು ವರ್ಷ ಸ್ಟಾಫ್ ನರ್ಸ್. ಅದಾದ ಮೇಲೆ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಕೋರ್ಸ್. ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2016-17ರ ಹೊತ್ತಿಗೆ ತಂದ ಸ್ನಾತಕೋತ್ತರ ಕೋರ್ಸ್ ಅದು. ರೆಸಿಡೆನ್ಸಿ ಮಾದರಿ. ಅಂದರೆ ಕ್ಲಾಸು ಕಡಿಮೆ, ಹಾಸಿಗೆಯ ಪಕ್ಕದ ಕೆಲಸ ಜಾಸ್ತಿ. ರೋಗಿಯನ್ನು ತಲೆಯಿಂದ ಕಾಲಿನ ತನಕ ಪರೀಕ್ಷೆ ಮಾಡುವುದು, ರಕ್ತದಲ್ಲಿ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಹೇಳುವ ಗ್ಯಾಸ್ ರಿಪೋರ್ಟ್ ಓದುವುದು, ವೆಂಟಿಲೇಟರ್ ಹೊಂದಿಸುವುದು, ಔಷಧ ಏಕೆ ಏರಿಸಬೇಕು, ಏಕೆ ಇಳಿಸಬೇಕು ಅಂತ ಬಾಯಿಬಿಟ್ಟು ಕಾರಣ ಹೇಳುವುದು. ಕೊನೆಯದ್ದು ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಒಂಬತ್ತು ವರ್ಷ ‘ಸರ್ ಹೇಳಿದ್ದಾರೆ’ ಅಂತ ಕೆಲಸ ಮಾಡಿದವಳಿಗೆ ‘ನನಗೆ ಹೀಗೆ ಅನಿಸುತ್ತದೆ, ಇದು ಕಾರಣ’ ಅನ್ನಲು ನಾಲಿಗೆ ತಿರುಗುತ್ತಿರಲಿಲ್ಲ.

ಕೆಲವರು ಇದನ್ನು ಅರ್ಧ ಡಾಕ್ಟರ್ ಕೋರ್ಸ್ ಅಂತಾರೆ. ಹಾಗಲ್ಲ. 1965ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಮೊದಲ ಬಾರಿಗೆ ಈ ತರಬೇತಿ ಶುರು ಮಾಡಿದಾಗಿನಿಂದ ಇದು ನರ್ಸಿಂಗ್‌ನದೇ ಮುಂದಿನ ಹೆಜ್ಜೆ. ನಮ್ಮಲ್ಲಿ ನಾನು ಸ್ವಂತವಾಗಿ ಚೀಟಿ ಬರೆಯುವಂತಿಲ್ಲ. ಆಸ್ಪತ್ರೆಯ ಸ್ಟ್ಯಾಂಡಿಂಗ್ ಆರ್ಡರ್‌ಗಳ ಒಳಗೆ, ವೈದ್ಯರ ಜೊತೆಯಲ್ಲಿ ಕೆಲಸ. ನಮ್ಮ ಐಸಿಯುವಿನಲ್ಲಿ ಅದನ್ನು ಕಾಗದದ ಮೇಲೆ ಬರೆದಿಟ್ಟಿದ್ದೇವೆ: ಅಟ್ರೋಪಿನ್ ಡ್ರಿಪ್ ಏರಿಳಿಕೆ ನಾನು ಮಾಡಬಹುದು, ರಕ್ತದ ಗ್ಯಾಸ್ ತೆಗೆಯಬಹುದು, ಆಕ್ಸಿಜನ್ ಬದಲಿಸಬಹುದು, ಡ್ಯೂಟಿ ಡಾಕ್ಟರ್‌ಗೆ ಹೇಳಿದ ಮೇಲೂ ಆತಂಕ ಉಳಿದರೆ ನೇರವಾಗಿ ಕನ್ಸಲ್ಟಂಟ್‌ಗೆ ಫೋನ್ ಮಾಡಬಹುದು. ಈ ಕೊನೆಯ ಸಾಲು ಇರದಿದ್ದರೆ ಈ ಪ್ರಕರಣ ಬೇರೆ ರೀತಿ ಮುಗಿಯುತ್ತಿತ್ತು.

ನಾನು ಈ ಕೋರ್ಸಿಗೆ ಹೋಗಲು ಒಂದು ಕಾರಣ ಇತ್ತು. ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ಇಂಥದ್ದೇ ಒಬ್ಬ ಹುಡುಗ. ನಾಲ್ಕನೇ ದಿನ ವಾರ್ಡ್‌ನಲ್ಲಿ ಆರಾಮಾಗಿದ್ದ. ರಾತ್ರಿ 10ಕ್ಕೆ ಸ್ಯಾಚುರೇಷನ್ 96 ಅಂತ ನಾನೇ ಚಾರ್ಟ್‌ನಲ್ಲಿ ಬರೆದೆ. ಅವನ ಮಾತು ಮೂಗಿನಿಂದ ಬರುತ್ತಿತ್ತು. ನೆಗಡಿ ಅಂದುಕೊಂಡೆ. ಬೆಳಗಿನ ಜಾವ ನಾಲ್ಕಕ್ಕೆ ಉಸಿರು ನಿಂತಿತ್ತು. ಏನು ತಪ್ಪಿತು ಅಂತ ಅವತ್ತು ಯಾರೂ ಕೂತು ಮಾತಾಡಲಿಲ್ಲ. ಉತ್ತರ ನನಗೆ ಸಿಕ್ಕಿದ್ದು ವರ್ಷಗಳಾದ ಮೇಲೆ, ಕೋರ್ಸಿನ ಮೊದಲ ವರ್ಷದಲ್ಲಿ, ಒಂದು ಪಾಠದ ನಡುವೆ.

ನಲವತ್ತೈದು ಆಂಪೂಲು

ವಿಷ ಮೈಯಲ್ಲಿ ಏನು ಮಾಡುತ್ತದೆ ಅನ್ನುವುದನ್ನು ನಾನು ಹೊಸ ನರ್ಸ್‌ಗಳಿಗೆ ತೂಬಿನ ಲೆಕ್ಕದಲ್ಲಿ ಹೇಳುತ್ತೇನೆ. ನರ ಸ್ನಾಯುವಿಗೆ, ಗ್ರಂಥಿಗೆ ‘ಕೆಲಸ ಮಾಡು’ ಅಂತ ಹೇಳುವುದು ಅಸಿಟೈಲ್‌ಕೋಲಿನ್ ಎಂಬ ರಸ ಬಿಟ್ಟು. ಕೆಲಸ ಆದ ಕೂಡಲೇ ಒಂದು ಕಿಣ್ವ ಬಂದು ಅದನ್ನು ಒಡೆದು ತೂಬು ಮುಚ್ಚುತ್ತದೆ. ಈ ಜಾತಿಯ ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ತೂಬು ತೆರೆದೇ ಉಳಿಯಿತು, ಹೊಲವೆಲ್ಲ ನೀರು. ಜೊಲ್ಲು, ಬೆವರು, ಎದೆಯಲ್ಲಿ ಕಫ, ನಾಡಿ ಇಳಿತ ಎಲ್ಲ ಅದರಿಂದಲೇ.

ಅಟ್ರೋಪಿನ್ ಈ ಪ್ರವಾಹವನ್ನು ತಡೆಯುತ್ತದೆ. ಆದರೆ ಗ್ರಂಥಿ, ಹೃದಯ, ಕಣ್ಣು, ಶ್ವಾಸನಾಳ, ಕರುಳು, ಮಿದುಳು ಇಂಥ ಕಡೆ ಮಾತ್ರ. ಕೈಕಾಲು, ಕುತ್ತಿಗೆ, ಉಸಿರಾಟದ ಸ್ನಾಯುಗಳ ಮೇಲೆ ಅದರ ಆಟ ನಡೆಯುವುದಿಲ್ಲ. ಮುಂದೆ ಆದದ್ದೆಲ್ಲ ಅರ್ಥವಾಗಬೇಕಾದರೆ ಈ ಒಂದು ಮಾತು ನೆನಪಿರಬೇಕು.

ಮೊದಲ ಡೋಸ್ 1.8 ಮಿ.ಗ್ರಾಂ. ಐದು ನಿಮಿಷ ನೋಡುವುದು. ಎದೆ ತಿಳಿಯಾಗದಿದ್ದರೆ ದುಪ್ಪಟ್ಟು, ಮತ್ತೆ ಐದು ನಿಮಿಷ, ಮತ್ತೆ ದುಪ್ಪಟ್ಟು. ನಮ್ಮಲ್ಲಿ ಸಿಗುವ ಆಂಪೂಲ್ 0.6 ಮಿ.ಗ್ರಾಂ.ನದು. ಹಾಗಾಗಿ ಲೆಕ್ಕ ಹೀಗೆ ಹೋಯಿತು: ಮೂರು, ಆರು, ಹನ್ನೆರಡು, ಇಪ್ಪತ್ನಾಲ್ಕು. ಒಟ್ಟು 45 ಆಂಪೂಲು, 27 ಮಿ.ಗ್ರಾಂ. ಒಬ್ಬ ವಿದ್ಯಾರ್ಥಿನಿ ಬರೀ ಆಂಪೂಲ್ ಒಡೆಯುತ್ತ ನಿಂತಿದ್ದಳು. ಬೆರಳು ಕೊಯ್ದುಕೊಂಡಳು, ಪ್ಲಾಸ್ಟರ್ ಸುತ್ತಿಕೊಂಡು ಮತ್ತೆ ಒಡೆದಳು. ನಾಲ್ಕನೇ ಡೋಸ್ ಆದ ಮೇಲೆ ಎದೆ ತಿಳಿಯಾಯಿತು. ನಾಡಿ 104, ಬಿಪಿ 110, ಕಂಕುಳು ಒಣಗಿತು. ಒಟ್ಟು ಡೋಸಿನ ಹತ್ತನೇ ಒಂದು ಭಾಗ, ಗಂಟೆಗೆ 2.7 ಮಿ.ಗ್ರಾಂ, ಡ್ರಿಪ್‌ನಲ್ಲಿ ಶುರುವಾಯಿತು. ಕಟ್ಟಿಬಿದ್ದ ಕಿಣ್ವವನ್ನು ಬಿಡಿಸಲೆಂದು ಪ್ಯಾಮ್ ಎಂಬ ಔಷಧವನ್ನೂ ಕೊಟ್ಟೆವು. ಆ ಕುಲದ ಕಿಣ್ವ ರಕ್ತದಲ್ಲಿ ಎಷ್ಟಿದೆ ಅಂತ ಹೇಳುವ ಕೋಲಿನೆಸ್ಟರೇಸ್ ರಿಪೋರ್ಟ್ ರಾತ್ರಿ ಬಂತು: 410. ನಮ್ಮ ಲ್ಯಾಬ್‌ನಲ್ಲಿ ಅದು 5,300ರ ಮೇಲಿರಬೇಕು.

ಉಡದಾರ

ಅಂಗಿ, ಪ್ಯಾಂಟು ಬಂದ ಕೂಡಲೇ ಕತ್ತರಿಸಿ ತೆಗೆದಿದ್ದೆವು. ಕೈಗವಸು, ಏಪ್ರನ್ ಹಾಕಿಕೊಂಡು ಸಾಬೂನು ನೀರಿನಲ್ಲಿ ತಲೆ, ಬೆನ್ನು, ಉಗುರಿನ ಸಂದಿ ಎಲ್ಲ ತೊಳೆದಿದ್ದೆವು. ಆದರೂ ಬೆಳಗಿನ ಜಾವ ಐದರ ಹೊತ್ತಿಗೆ ಎದೆಯಲ್ಲಿ ಮತ್ತೆ ಸದ್ದು. ಡ್ರಿಪ್ ಸರಿಯಾಗಿಯೇ ಹೋಗುತ್ತಿತ್ತು. ಹಾಗಾದರೆ ವಿಷ ಎಲ್ಲಿಂದಲೋ ಇನ್ನೂ ಒಳಗೆ ಇಳಿಯುತ್ತಿದೆ ಅಂತ ಅರ್ಥ ಅಲ್ವಾ?

ಹೊದಿಕೆ ಸರಿಸಿ ನೋಡಿದೆ. ಸೊಂಟದಲ್ಲಿ ಕರಿ ಉಡದಾರ. ದಪ್ಪ ನೂಲಿನದು. ಹಿಡಿದು ಮೂಸಿದರೆ ಅದೇ ವಾಸನೆ. ಸೋರಿದ ಎಣ್ಣೆಯೆಲ್ಲ ಬೆನ್ನಿನಿಂದ ಇಳಿದು ಅಲ್ಲಿ ನಿಂತಿದೆ. ಅದರ ಕೆಳಗಿನ ಚರ್ಮ ಕೆಂಪಾಗಿತ್ತು. ಹನ್ನೊಂದು ತಾಸು ಅದು ಅಲ್ಲೇ ಇತ್ತು, ನಾನು ನೋಡಿರಲಿಲ್ಲ.

ಕತ್ತರಿ ತೆಗೆದಾಗ ಅವರ ತಾಯಿ ಕೈ ಹಿಡಿದರು. ‘ಬ್ಯಾಡ ನನ್ನವ್ವಾ, ಗಂಡಮಗ ಉಡದಾರ ಇಲ್ದ ಇರಬಾರದು. ಇಂಥಾ ಹೊತ್ತಿನ್ಯಾಗಂತೂ ಬ್ಯಾಡ.’

ಅಂಗಡಿ ತೆಗೆಯುವ ತನಕ ಕಾಯುವ ಹಾಗಿರಲಿಲ್ಲ. ಬ್ಯಾಂಡೇಜ್ ಬಟ್ಟೆಯ ಉದ್ದನೆಯ ಪಟ್ಟಿ ಹರಿದು ಹೊಸೆದೆ. ಅದನ್ನು ಸ್ವಲ್ಪ ಮೇಲೆ, ಹೊಟ್ಟೆಯ ಸುತ್ತ ತಾಯಿಯ ಕೈಯಿಂದಲೇ ಕಟ್ಟಿಸಿದೆ. ಆಮೇಲೆ ಹಳೆಯದನ್ನು ಕತ್ತರಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದೆ. ಸೊಂಟ ಮತ್ತೆ ತೊಳೆದೆವು. ಎರಡು ತಾಸಿನಲ್ಲಿ ಎದೆ ತಿಳಿಯಾಯಿತು. ಅವತ್ತಿನಿಂದ ನಮ್ಮ ತೊಳೆಯುವ ಪಟ್ಟಿಯಲ್ಲಿ ಉಡದಾರ, ತಾಯಿತ, ಕೈಗೆ ಕಟ್ಟಿದ ದಾರ, ವಾಚಿನ ಬೆಲ್ಟ್ ಸೇರಿವೆ.

ಬುಧವಾರ ರಾತ್ರಿ ಉಲ್ಟಾ ತೊಂದರೆ. ಮೂರು ಗಂಟೆಗೆ ಫಕೀರಪ್ಪ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದರು, ಹೊದಿಕೆ ಕಿತ್ತೆಸೆಯುತ್ತಿದ್ದರು. ನಾಡಿ 138, ಜ್ವರ 101.5. ಹೊಟ್ಟೆಯಲ್ಲಿ ಕರುಳಿನ ಸದ್ದೇ ಇಲ್ಲ. ಅಟ್ರೋಪಿನ್ ಜಾಸ್ತಿಯಾದ ಗುರುತು ಇದು. ಡ್ರಿಪ್ ನಿಲ್ಲಿಸಿದೆ, ಡ್ಯೂಟಿ ಡಾಕ್ಟರ್‌ಗೆ ಹೇಳಿದೆ, ಅರ್ಧ ತಾಸಿಗೊಮ್ಮೆ ನೋಡುತ್ತ ಕೂತೆ. ಕರುಳಿನ ಸದ್ದು ಮರಳಿದ ಮೇಲೆ ಗಂಟೆಗೆ 2 ಮಿ.ಗ್ರಾಂನಿಂದ ಮತ್ತೆ ಶುರು ಮಾಡಿದೆ. ಇದೆಲ್ಲ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ ಬರೆದದ್ದೇ.

ಗುರುವಾರ ಅವರು ಎದ್ದು ಕೂತು ಚಹಾ ಕುಡಿದರು. ಹೊಲದ ಚಿಂತೆ ಮಾತಾಡಿದರು. ಸಂಜೆ ಒಂದೇ ಉಸಿರಿನಲ್ಲಿ ಎಣಿಸಲು ಹೇಳಿದೆ, 32ರ ತನಕ ಎಣಿಸಿದರು. ಬರೆದಿಟ್ಟೆ. ಕುತ್ತಿಗೆ ಮಾತ್ರ ಪರೀಕ್ಷೆ ಮಾಡಲಿಲ್ಲ. ಮಾಡಬೇಕಿತ್ತು.

ಶುಕ್ರವಾರ, 11 ಗಂಟೆ

ಬೆಳಗಿನ ರೌಂಡ್ಸ್‌ನಲ್ಲಿ ಎಲ್ಲರಿಗೂ ಖುಷಿ. ಪಾಪೆ ಸರಿ, ಎದೆ ತಿಳಿ, ಅಟ್ರೋಪಿನ್ ಸ್ವಲ್ಪವೇ ಉಳಿದಿದೆ. ಮೂಗಿನ ನಳಿಕೆಯಲ್ಲಿ ಎರಡು ಲೀಟರ್ ಆಕ್ಸಿಜನ್, ಸ್ಯಾಚುರೇಷನ್ 97. ವಾರ್ಡಿಗೆ ಶಿಫ್ಟ್ ಅಂತ ಬರೆದಾಯಿತು. ಕೆಳಗೆ ಎಮರ್ಜೆನ್ಸಿಯಲ್ಲಿ ಇನ್ನೊಬ್ಬರು ಆ ಹಾಸಿಗೆಗೆ ಕಾಯುತ್ತಿದ್ದರು.

ಶಿಫ್ಟ್ ಮುಂಚೆ ಒಮ್ಮೆ ನೋಡಲು ಹೋದೆ. ಫಕೀರಪ್ಪ ನೀರು ಕೇಳಿದರು. ಹೆಂಡತಿ ಎಡಗೈಯಲ್ಲಿ ಲೋಟ ಹಿಡಿದು, ಬಲಗೈಯನ್ನು ಅವರ ಕುತ್ತಿಗೆಯ ಕೆಳಗೆ ಹಾಕಿ, ತಲೆ ಎತ್ತಿ ಕುಡಿಸಿದಳು. ಕೂಸಿಗೆ ಕುಡಿಸಿದ ಹಾಗೆ. ನಾನು ಆ ಕೈಯನ್ನೇ ನೋಡಿದೆ. ನಿನ್ನೆ ಇವರು ತಾವೇ ಕೂತು ಚಹಾ ಕುಡಿದವರು.

‘ತಂಗೀ, ಕೈ ತಗೀ ಸ್ವಲ್ಪ’ ಅಂದೆ. ‘ತಮ್ಮಾ, ದಿಂಬಿನ ಮ್ಯಾಲಿಂದ ತಲಿ ಎತ್ತು ನೋಡೋಣ.’

ಅವರು ಹಣೆ ಸುಕ್ಕು ಮಾಡಿದರು, ಹಲ್ಲು ಕಚ್ಚಿದರು. ಗದ್ದ ಅಲುಗಿತು. ತಲೆ ದಿಂಬು ಬಿಟ್ಟು ಏಳಲಿಲ್ಲ.

‘ಆಗವಲ್ದರಿ ಅಕ್ಕಾರ.’ ಮಾತು ಮೂಗಿನಿಂದ ಬಂತು.

‘ಮುಂಜಾನಿಂದ ಹಿಂಗ ಅದಾರ್ರಿ’ ಅಂದಳು ಹೆಂಡತಿ. ‘ಮಲಗಿ ಮಲಗಿ ಕುತಿಗಿ ಸೋತೈತಿ ಅನ್ಕೊಂಡೆ.’

ಕೈಯಲ್ಲಿ ನನ್ನ ಬೆರಳು ಹಿಡಿಸಿದೆ. ಹಿಡಿತ ಗಟ್ಟಿಯೇ ಇತ್ತು. ತೋಳನ್ನು ಭುಜದಿಂದ ಎತ್ತಲು ಹೇಳಿದರೆ ಅರ್ಧಕ್ಕೇ ಬಿತ್ತು. ರೆಪ್ಪೆ ಸ್ವಲ್ಪ ಜೋತಿತ್ತು. ದೊಡ್ಡದಾಗಿ ಉಸಿರು ತಗೊಂಡು ಎಣಿಸಲು ಹೇಳಿದೆ. ಒಂದು, ಎರಡು, ಮೂರು... 14ಕ್ಕೆ ನಿಂತರು. ಆರೋಗ್ಯವಂತರು 40-50ರ ತನಕ ಹೋಗುತ್ತಾರೆ. 20ಕ್ಕಿಂತ ಇಳಿದರೆ ಉಸಿರಾಟದ ಸ್ನಾಯು ಸೋಲುತ್ತಿದೆ ಅಂತ. ಉಸಿರು ನಿಮಿಷಕ್ಕೆ 30.

ಇದು ಇಂಟರ್‌ಮೀಡಿಯೆಟ್ ಸಿಂಡ್ರೋಮ್. ಪುಣೆಯ ಡಾ. ವಾಡಿಯಾ ಮತ್ತು ಸಂಗಡಿಗರು 1974ರಲ್ಲೇ ಇಂಥ ತಡವಾಗಿ ಬರುವ ನಿಶ್ಶಕ್ತಿಯ ಬಗ್ಗೆ ಬರೆದಿದ್ದರು. 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳಿಯದ್ದೆ ಎಂಬ ವೈದ್ಯರು ಅದಕ್ಕೆ ಈ ಹೆಸರು ಕೊಟ್ಟರು. ವಿಷ ಸೇರಿದ 24ರಿಂದ 96 ತಾಸಿನ ನಡುವೆ, ಜೊಲ್ಲು ಬೆವರು ಎಲ್ಲ ನಿಂತು ರೋಗಿ ಹುಷಾರಾದ ಅನ್ನುವಾಗ, ಕುತ್ತಿಗೆ, ಮುಖ, ತೋಳು ತೊಡೆಯ ಬುಡ, ಆಮೇಲೆ ಉಸಿರಾಟದ ಸ್ನಾಯು ಸೋಲುತ್ತವೆ. ಕುತ್ತಿಗೆ ಮೊದಲು ಹೇಳುತ್ತದೆ. ಫಕೀರಪ್ಪಗೆ ಸುಮಾರು 70 ತಾಸು ಆಗಿತ್ತು. ಹಿಂದಿನ ಆ ಹುಡುಗನಿಗೆ ಆಗಿದ್ದೂ ಇದೇ.

ಡ್ಯೂಟಿ ಡಾಕ್ಟರ್‌ಗೆ ಹೇಳಿದೆ. ಅವರು ಹಿಂದಿನ ದಿನದಿಂದ ನಿದ್ದೆಯಿಲ್ಲದೆ ಓಡಾಡುತ್ತಿದ್ದವರು. ‘ಸ್ಯಾಚುರೇಷನ್ 97 ಇದೆಯಲ್ಲ ಸಿಸ್ಟರ್. ವೀಕ್‌ನೆಸ್ ಇರುತ್ತೆ. ವಾರ್ಡ್‌ನಲ್ಲಿ ನೋಡ್ತಾರೆ’ ಅಂದರು. ಅವರನ್ನು ದೂರುವುದಿಲ್ಲ. ಮಾನಿಟರ್ ನೋಡಿದರೆ ಯಾರಿಗೂ ಹಾಗೇ ಅನಿಸುತ್ತದೆ. ಆದರೆ ಆಕ್ಸಿಜನ್ ಹಾಕಿದ ರೋಗಿಯಲ್ಲಿ ಸ್ಯಾಚುರೇಷನ್ ಕೊನೆಗೆ ಬೀಳುತ್ತದೆ. ಉಸಿರಾಟ ಸೋತಾಗ ಮೊದಲು ಏರುವುದು ಕಾರ್ಬನ್ ಡೈಆಕ್ಸೈಡ್.

ಗ್ಯಾಸ್ ತೆಗೆದೆ. ಕಾರ್ಬನ್ ಡೈಆಕ್ಸೈಡ್ 42. ಕಾಗದದ ಮೇಲೆ ಅದು ನಾರ್ಮಲ್. ಆದರೆ ನಿಮಿಷಕ್ಕೆ 30 ಸಲ ಉಸಿರಾಡುವವನಲ್ಲಿ ಅದು 30ರ ಆಸುಪಾಸಿಗೆ ಇಳಿದಿರಬೇಕಿತ್ತು. ಅಷ್ಟು ದುಡಿದೂ 42 ಅಂದರೆ ಪ್ರತಿ ಉಸಿರೂ ಮೇಲುಮೇಲೆ ಹೋಗುತ್ತಿದೆ.

ಹೊರಗೆ ಟ್ರಾಲಿ ಬಂದು ನಿಂತಿತ್ತು. ಹಾಸಿಗೆ ಬಿಡಿಸುವವರು ಎರಡು ಸಲ ಫೋನ್ ಮಾಡಿದರು. ಶಿಫ್ಟ್ ತಡೆಯುವ ಅಧಿಕಾರ ನನಗೆ ಬರಹದಲ್ಲಿ ಇರಲಿಲ್ಲ. ಟ್ರಾಲಿ ಹುಡುಗನಿಗೆ ‘ಹತ್ತು ನಿಮಿಷ ನಿಲ್ಲಪ್ಪಾ’ ಅಂತ ಹೇಳಿ ಕನ್ಸಲ್ಟಂಟ್‌ಗೆ ಫೋನ್ ಮಾಡಿದೆ. ಕೋರ್ಸ್‌ನಲ್ಲಿ ಕಲಿಸಿದ ಹಾಗೆ ನಾಲ್ಕೇ ಮಾತು: ‘ಸರ್, ಐದನೇ ಹಾಸಿಗೆ, ಎಣ್ಣೆ ವಿಷ, ಮೂರನೇ ದಿನ. ಈಗ ದಿಂಬಿನಿಂದ ತಲೆ ಏಳುತ್ತಿಲ್ಲ, ಎಣಿಕೆ 32ರಿಂದ 14ಕ್ಕೆ ಬಂದಿದೆ, ಉಸಿರು 30, ಕಾರ್ಬನ್ ಡೈಆಕ್ಸೈಡ್ 42. ಇಂಟರ್‌ಮೀಡಿಯೆಟ್ ಅಂತ ನನಗೆ ಅನಿಸುತ್ತದೆ. ಶಿಫ್ಟ್ ನಿಲ್ಲಿಸಿ ನೀವು ಬಂದು ನೋಡಬೇಕು.’

ಆ ಕಡೆ ಒಂದು ಕ್ಷಣ ಮೌನ. ‘ನಿಲ್ಲಿಸಿ. ಅರ್ಧ ತಾಸಿಗೊಮ್ಮೆ ಎಣಿಸಿ. ಟ್ಯೂಬ್ ರೆಡಿ ಇಡಿ. ಬರ್ತೀನಿ.’

11:30ಕ್ಕೆ 13. 12ಕ್ಕೆ 11. ಅವರು ಬಂದಾಗ 12:15. 12:30ಕ್ಕೆ 8, ಕಾರ್ಬನ್ ಡೈಆಕ್ಸೈಡ್ 50. ಸ್ಯಾಚುರೇಷನ್ ಆಗಲೂ 96.

ವೆಂಟಿಲೇಟರ್‌ಗಾಗಿ ಶ್ವಾಸನಾಳಕ್ಕೆ ಟ್ಯೂಬ್ ಹಾಕುವಾಗ ಕೊಡುವ ಔಷಧದ ಟ್ರೇನಲ್ಲಿ ರೂಢಿಯಂತೆ ಸ್ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧ ಇಟ್ಟಿದ್ದರು. ಅದನ್ನು ತೆಗೆಸಿದೆ. ಸ್ಕೋಲಿನ್ ಕರಗುವುದು ಈ ವಿಷ ಕಟ್ಟಿಹಾಕಿದ ಅದೇ ಕುಲದ ಕಿಣ್ವದಿಂದ. ಕೊಟ್ಟರೆ ನಿಮಿಷಗಳಲ್ಲಿ ಇಳಿಯಬೇಕಾದ ಔಷಧ ತಾಸುಗಟ್ಟಲೆ ಉಳಿಯಬಹುದು. ಬದಲಿಗೆ ಆ ಕಿಣ್ವದ ಹಂಗಿಲ್ಲದ ರೊಕ್ಯುರೋನಿಯಂ ಇಟ್ಟೆವು. ಟ್ಯೂಬ್ ಹಾಕಿದ್ದು ವೈದ್ಯರು. 12:50ಕ್ಕೆ, ಹಗಲು ಬೆಳಕಿನಲ್ಲಿ, ಎಲ್ಲರೂ ಇರುವಾಗ, ನಾಡಿ ಒಂದು ಸಲವೂ ಕೆಳಗೆ ಬೀಳದೆ. ಅದಕ್ಕೆ ಮುಂಚೆ ಫಕೀರಪ್ಪಗೆ ಏನು ಮಾಡುತ್ತೇವೆ, ಏಕೆ ಮಾಡುತ್ತೇವೆ, ಕೆಲವು ದಿನ ಮಾತು ಬರುವುದಿಲ್ಲ ಅಂತ ಹೇಳಲು ನಮಗೆ ಸಮಯ ಸಿಕ್ಕಿತ್ತು. ರಾತ್ರಿ ನಾಲ್ಕಕ್ಕೆ ವಾರ್ಡ್‌ನಲ್ಲಿ ಆಗಿದ್ದರೆ ಯಾವುದೂ ಸಿಗುತ್ತಿರಲಿಲ್ಲ.

ಒಂಬತ್ತು ದಿನ

ಈ ಕಾಯಿಲೆಗೆ ಬೇರೆ ಮದ್ದಿಲ್ಲ. ಸ್ನಾಯು ತಾನಾಗಿ ಚೇತರಿಸುವ ತನಕ ಯಂತ್ರ ಉಸಿರು ಕೊಡಬೇಕು, ಅಷ್ಟರಲ್ಲಿ ನ್ಯುಮೋನಿಯಾ, ಬೆನ್ನುಹುಣ್ಣು ಆಗದಂತೆ ನೋಡಿಕೊಳ್ಳಬೇಕು. ಅದು ಪೂರ್ತಿ ನರ್ಸಿಂಗ್ ಕೆಲಸ. ತಲೆಯ ಕಡೆ ಹಾಸಿಗೆ 30-45 ಡಿಗ್ರಿ ಎತ್ತಿಡುವುದು, ಬಾಯಿ ತೊಳೆಯುವುದು, ಕಫ ತೆಗೆಯುವುದು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು.

ಇವರು ಪೂರ್ತಿ ಎಚ್ಚರ ಇರುತ್ತಾರೆ. ಇದನ್ನು ಮರೆಯುವವರೇ ಜಾಸ್ತಿ. ರೆಪ್ಪೆ ಜೋತು ಕಣ್ಣು ಮುಚ್ಚಿರುತ್ತದೆ, ಕೈ ಎತ್ತಲಾಗದು, ನೋಡಿದವರಿಗೆ ಪ್ರಜ್ಞೆಯಿಲ್ಲ ಅನಿಸುತ್ತದೆ. ಎರಡನೇ ದಿನ ಸಂಬಂಧಿಕರೊಬ್ಬರು ಹಾಸಿಗೆಯ ಪಕ್ಕವೇ ನಿಂತು ‘ಇನ್ನ ಉಳಿಯೂದು ಕಷ್ಟ’ ಅಂದರು. ಕೂಡಲೇ ನಾಡಿ 88ರಿಂದ 120ಕ್ಕೆ ಹೋಯಿತು. ಅವರನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದೆ. ಒಳಗೆ ಬಂದು ಫಕೀರಪ್ಪನ ಕಿವಿಯ ಹತ್ತಿರ ಬಗ್ಗಿ, ಇದು ಹೋಗುವ ಕಾಯಿಲೆ, ದಿನ ಹಿಡಿಯುತ್ತದೆ, ಅಷ್ಟೇ, ಅಂದೆ. ದಿನಾ ಮೂರು ಹೊತ್ತು ಅದನ್ನೇ ಹೇಳಿದೆವು. ಪಾದದ ಬೆರಳು ಅಲುಗುತ್ತಿತ್ತು. ಒಂದು ಸಲ ಅಂದರೆ ಹೌದು, ಎರಡು ಸಲ ಅಂದರೆ ಇಲ್ಲ. ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆವು: ನೀರಡಿಕೆ, ನೋವು, ಕಫ, ಸೆಕೆ, ಮನೆಯವರು. ರೆಪ್ಪೆ ಎತ್ತಿ ಹಿಡಿದು ಒಂದೊಂದನ್ನೇ ತೋರಿಸುವುದು. ಮೂರನೇ ದಿನ ಅವರು ಯಾವುದಕ್ಕೂ ಹೌದು ಅನ್ನಲಿಲ್ಲ. ಹೆಂಡತಿ ಯೋಚಿಸಿ ಕೇಳಿದಳು, ‘ಎತ್ತಿಗೆ ಮೇವು ಹಾಕೇವೇನಂತ ಕೇಳ್ತೀರೇನು?’ ಬೆರಳು ಒಂದು ಸಲ ಅಲುಗಿತು.

ಏಳನೇ ದಿನ ಕುತ್ತಿಗೆಯಲ್ಲಿ ತೂತು ಮಾಡಿ ಟ್ಯೂಬ್ ಹಾಕುವ ಮಾತು ಬಂತು. ಅಷ್ಟರಲ್ಲಿ ರೆಪ್ಪೆ ಏಳತೊಡಗಿತ್ತು. ಎರಡು ದಿನ ನೋಡೋಣ ಅಂದರು ಕನ್ಸಲ್ಟಂಟ್. ನನ್ನ ಅಭಿಪ್ರಾಯ ಕೇಳಿದರು, ನಾನೂ ಹಾಗೇ ಹೇಳಿದೆ. ಒಂಬತ್ತನೇ ದಿನ ಭಾನುವಾರ ಟ್ಯೂಬ್ ತೆಗೆದೆವು. ಕುತ್ತಿಗೆ ಎಲ್ಲಕ್ಕಿಂತ ಕೊನೆಗೆ ಬಂತು. ಟ್ಯೂಬ್ ತೆಗೆದ ಮೂರನೇ ದಿನ, ನಾನು ಕೇಳುವ ಮುಂಚೆಯೇ, ದಿಂಬಿನಿಂದ ತಲೆ ಎತ್ತಿ ತೋರಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ಒಟ್ಟು 17 ದಿನಕ್ಕೆ ಮನೆಗೆ ಹೋದರು.

ಆಮೇಲೆ ಬದಲಾದದ್ದು

ಪ್ರಕರಣದ ಬಗ್ಗೆ ಕೂತು ಮಾತಾಡಿದೆವು. ಡ್ಯೂಟಿ ಡಾಕ್ಟರ್ ತಾವಾಗಿಯೇ ಬಂದು ತಮ್ಮ ಕಡೆಯಿಂದ ಏನಾಯಿತು ಅಂತ ಹೇಳಿದರು. ನಾನು ನನ್ನದು ಹೇಳಿದೆ. ಗುರುವಾರ ಕುತ್ತಿಗೆ ನೋಡಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಎಣಿಕೆ ಮಾಡುವುದನ್ನು ನಾನೊಬ್ಬಳೇ ಮಾಡುತ್ತಿದ್ದೆ. ಶುಕ್ರವಾರ ನನಗೆ ರಜೆ ಇದ್ದಿದ್ದರೆ? ರಾತ್ರಿ ಪಾಳಿಯ ಹುಡುಗಿ ಬೆಳಿಗ್ಗೆ ಆರಕ್ಕೆ ಎಲ್ಲ ಸರಿಯಾಗಿ ಬರೆದಿದ್ದಳು. ಕುತ್ತಿಗೆಗೆ ಚಾರ್ಟ್‌ನಲ್ಲಿ ಜಾಗವೇ ಇರಲಿಲ್ಲ. ಎರಡು ವರ್ಷ ಓದಿ ಬಂದವಳು ಅದನ್ನು ತನ್ನ ತಲೆಯಲ್ಲೇ ಇಟ್ಟುಕೊಂಡರೆ ಪಕ್ಕದ ಹಾಸಿಗೆಗೆ ಅದರಿಂದ ಏನು ಉಪಯೋಗ?

ಈಗ ಎಣ್ಣೆ ವಿಷದ ಪ್ರತಿ ರೋಗಿಯ ಚಾರ್ಟ್‌ನಲ್ಲಿ ಐದು ದಿನದ ತನಕ, ನಾಲ್ಕು ತಾಸಿಗೊಮ್ಮೆ, ಎರಡು ಕಾಲಂ: ‘ತಲೆ ಎತ್ತುತ್ತಾರೆಯೇ’, ‘ಒಂದೇ ಉಸಿರಿಗೆ ಎಷ್ಟು’. ವಾರ್ಡಿಗೆ ಹೋದರೂ ಕಾಗದ ಜೊತೆಗೆ ಹೋಗುತ್ತದೆ. ಯಾವ ನರ್ಸ್ ಆದರೂ, ಮೊನ್ನೆ ಸೇರಿದವಳಾದರೂ, ತಲೆ ಏಳದಿದ್ದರೆ ಅಥವಾ ಎಣಿಕೆ 20ಕ್ಕಿಂತ ಇಳಿದರೆ ಫೋನ್ ಮಾಡಬೇಕು. ಶಿಫ್ಟ್‌ಗೆ ಮುಂಚೆ ನರ್ಸ್ ತಕರಾರು ಎತ್ತಿದರೆ ಕನ್ಸಲ್ಟಂಟ್ ನೋಡುವ ತನಕ ರೋಗಿ ಕದಲುವಂತಿಲ್ಲ ಅನ್ನುವ ಸಾಲೂ ಸೇರಿದೆ.

ಆಗದೇ ಉಳಿದದ್ದೂ ಇದೆ. ಆಸ್ಪತ್ರೆಯ ಹುದ್ದೆಗಳ ಪಟ್ಟಿಯಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಹೆಸರಿಲ್ಲ. ನನ್ನ ಬ್ಯಾಡ್ಜ್‌ನಲ್ಲಿ ಇನ್ನೂ ಸ್ಟಾಫ್ ನರ್ಸ್ ಅಂತಲೇ ಇದೆ, ಸಂಬಳವೂ ಅದೇ ದರ್ಜೆಯದು. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಕಾನೂನು ಬಂದರೆ ಸಾಲದು, ಹುದ್ದೆ ಬರಬೇಕು. ನನ್ನ ಕೈಕೆಳಗೆ ಕಲಿತ ಇಬ್ಬರು ಹುಡುಗಿಯರು ಈ ಕೋರ್ಸ್ ಬಗ್ಗೆ ಕೇಳಿದರು. ಎರಡು ವರ್ಷ ಸಂಬಳ ಬಿಟ್ಟು ಓದಿ ಬಂದರೆ ಏನಾಗುತ್ತೆ ಅಕ್ಕಾ ಅಂದರು. ಕಲಿಯುವುದು ತುಂಬಾ ಇದೆ ಅಂತ ಧೈರ್ಯವಾಗಿ ಹೇಳಿದೆ. ಸಂಬಳದ ವಿಷಯಕ್ಕೆ ಇದ್ದದ್ದನ್ನೇ ಹೇಳಿದೆ. ಒಬ್ಬಳು ಅರ್ಜಿ ಹಾಕಿದ್ದಾಳೆ.

ಡಿಸೆಂಬರ್ ನಡುವೆ ಫಕೀರಪ್ಪ ಹೆಂಡತಿ, ಅಣ್ಣನ ಜೊತೆ ತೋರಿಸಲು ಬಂದರು. ಈ ವಿಷದಲ್ಲಿ ಕೆಲವರಿಗೆ ಎರಡು ಮೂರು ವಾರದ ಮೇಲೆ ಪಾದದ ನರ ಸೋಲುವುದುಂಟು. ಹಿಮ್ಮಡಿಯ ಮೇಲೆ ನಡೆಸಿದೆ, ಬೆರಳ ತುದಿಯ ಮೇಲೆ ನಡೆಸಿದೆ. ಎರಡೂ ಸರಿ. ಕೋಲಿನೆಸ್ಟರೇಸ್ 4,600. ಒಂದೇ ಉಸಿರಿಗೆ 46.

ಮತ್ತೆ ಎಣ್ಣೆ ಯಾವಾಗ ಹೊಡೆಯಬಹುದು ಅಂತ ಕೇಳಿದರು. ಈ ಹಂಗಾಮಿನಲ್ಲಿ ಬೇಡವೇ ಬೇಡ ಅಂದೆ. ರಕ್ತದ ಕೆಂಪು ಕಣದಲ್ಲಿರುವ ಕಿಣ್ವ ತುಂಬಿಕೊಳ್ಳಲು ತಿಂಗಳುಗಳು ಬೇಕು. ಹಾಗಾದರೆ ಪಂಪು ಹೊರುವವರು ಯಾರು ಅಂದೆ. ಅಣ್ಣ ಕೈ ಎತ್ತಿದರು. ಮುಚ್ಚಳ ಇನ್ನೂ ಸೋರುತ್ತಿದೆಯಾ? ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿದ್ದೇವೆ ಅಂದರು. ಅದು ಆಗುವುದಿಲ್ಲ, ಮುಚ್ಚಳದ ರಬ್ಬರ್ ವಾಷರ್ ಹೊಸದು ಹಾಕಿಸಿ, ಗಾಳಿ ಬೆನ್ನಿಗೆ ಇಟ್ಟು ಹೊಡೆಯಿರಿ, ಅಂಗಿ ತೊಯ್ದರೆ ಅಲ್ಲೇ ಬಿಚ್ಚಿ ಸ್ನಾನ ಮಾಡಿ ಅಂತ ಕೂಡಿಸಿ ಹೇಳಿದೆ. ಉಡದಾರದ ಮಾತು ಹೇಳುವ ಮುಂಚೆಯೇ ಹೆಂಡತಿ ಅಂದಳು, ‘ಅದನ್ನ ಕಳೆದಿಟ್ಟ ಹೋಗ್ತಾರ್ರಿ ಈಗ, ಅತ್ತಿನ ಹೇಳ್ಯಾರ.’

ಜನವರಿಯಲ್ಲಿ ಇನ್ನೊಮ್ಮೆ ರಕ್ತ ಪರೀಕ್ಷೆಗೆ ಬನ್ನಿ ಅಂದೆ. ಮೆಣಸಿನಕಾಯಿ ಬಿಡಿಸುವ ಹೊತ್ತು, ಆಗ ಆಗುವುದಿಲ್ಲ ಅಂದರು. ಫೆಬ್ರವರಿ ಕೊನೆಯ ವಾರ ಅಂತ ಬರೆದುಕೊಟ್ಟೆ.